ಕಾರಟಗಿಯಿಂದ ಒಮೆಗಾ ಸೆಂಟೌರಿಯನ್ನು ನೋಡಲು ಯಾವ ಹೊತ್ತು, ಯಾವ ಜಾಗ ಸೂಕ್ತ?

ಪ್ರಶ್ನೆ
ಬರೆದವರು: ಕಾರಟಗಿ_ವಿಜ್ಞಾನ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಚಳಿಗಾಲದಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಕೃತ್ತಿಕಾ ಗುಂಪನ್ನೂ ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆಯನ್ನೂ 10×50 ಬೈನಾಕ್ಯುಲರಿನಲ್ಲಿ ತೋರಿಸಿದ್ದೆ. ಎರಡೂ ಸುಲಭವಾಗಿ ಸಿಕ್ಕವು. ಮಕ್ಕಳಿಗೂ ರುಚಿ ಹತ್ತಿತು. ಈಗ ಬೇಸಿಗೆ ರಜೆಯಲ್ಲಿ ಊರಿನಲ್ಲೇ ಉಳಿಯುವ ಮಕ್ಕಳಿಗೆ ಒಮೆಗಾ ಸೆಂಟೌರಿ ಎಂಬ ಗೋಳಾಕಾರದ ನಕ್ಷತ್ರಗುಚ್ಛವನ್ನು ತೋರಿಸಬೇಕೆಂದಿದ್ದೇನೆ. ಒಂದು ಕೋಟಿಯಷ್ಟು ನಕ್ಷತ್ರಗಳು ಒತ್ತೊತ್ತಾಗಿ ಸೇರಿರುವ ಈ ಗುಚ್ಛ ನಮ್ಮ ಭಾಗದ ಆಕಾಶದಲ್ಲಿ ಬರಿಗಣ್ಣಿಗೇ ಕಾಣುತ್ತದೆಂದು ಓದಿದ್ದೇನೆ.

ಆದರೆ ಏಪ್ರಿಲ್ ಮಧ್ಯದಲ್ಲಿ ರಾತ್ರಿ ಎಂಟೂವರೆ ಹೊತ್ತಿಗೆ ಶಾಲೆಯ ಮಾಳಿಗೆಯಿಂದ ದಕ್ಷಿಣದ ಕಡೆ ಎಷ್ಟು ಹುಡುಕಿದರೂ ಅದು ಕಾಣಿಸಲಿಲ್ಲ. ಅದರ ಕಾಂತಿಮಾನ (ಹೊಳಪಿನ ಅಳತೆ; ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ) 3.9 ಎಂದು ಕೊಟ್ಟಿದ್ದಾರೆ. ಅಷ್ಟೇ ಕಾಂತಿಯ ಬೇರೆ ನಕ್ಷತ್ರಗಳು ನೆತ್ತಿಯ ಮೇಲೆ ಕಾಣುತ್ತಿದ್ದವು. ನನ್ನಲ್ಲಿರುವ ಪುಸ್ತಕದ ಮೆಸ್ಸಿಯೆ ಪಟ್ಟಿಯಲ್ಲಿ (ಫ್ರೆಂಚ್ ಖಗೋಳಜ್ಞ ಮೆಸ್ಸಿಯೆ ಮಾಡಿದ ನೀಹಾರಿಕೆ, ನಕ್ಷತ್ರಗುಚ್ಛಗಳ ಪಟ್ಟಿ) ಇದರ ಹೆಸರೇ ಇಲ್ಲ, ಹಾಗಾಗಿ ನೋಡಲು ತಕ್ಕ ತಿಂಗಳು ಯಾವುದೆಂಬ ಮಾಹಿತಿಯೂ ಅಲ್ಲಿ ಸಿಗಲಿಲ್ಲ. ಯಾವ ತಿಂಗಳಲ್ಲಿ, ರಾತ್ರಿ ಎಷ್ಟು ಗಂಟೆಗೆ ನೋಡಬೇಕು, ಕಾರಟಗಿಯಿಂದಲೇ ಸಾಧ್ಯವೇ ಅಥವಾ ಬೇರೆ ಕಡೆಗೆ ಹೋಗಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು. ಮಕ್ಕಳ ಕೈಯಲ್ಲಿ ಮೊಬೈಲ್ ಇರುವುದಿಲ್ಲವಾದ್ದರಿಂದ, ಆ್ಯಪ್ ಇಲ್ಲದೆಯೂ ಗುರುತು ಹಿಡಿಯುವ ದಾರಿ ಇದ್ದರೆ ಅದನ್ನೂ ಬರೆಯಿರಿ.

ಉತ್ತರ
ಬರೆದವರು: ಕುಕನೂರು_ಆಕಾಶ

ಮೇಡಂ, ನಮಸ್ಕಾರ. ನಿಮ್ಮ ಬೈನಾಕ್ಯುಲರಿಗೆ ಈ ಗುಚ್ಛ ಧಾರಾಳವಾಗಿ ಸಿಗುತ್ತದೆ. ಸಮಸ್ಯೆ ಇರುವುದು ಹೊತ್ತಿನಲ್ಲಿ. ಏಪ್ರಿಲ್ ಮಧ್ಯದಲ್ಲಿ ಎಂಟೂವರೆಗೆ ಒಮೆಗಾ ಸೆಂಟೌರಿ ಆಗ್ನೇಯದ ಕಡೆ, ದಿಗಂತದಿಂದ ಬರೀ ಎಂಟು ಡಿಗ್ರಿ ಎತ್ತರದಲ್ಲಿರುತ್ತದೆ. ಅಷ್ಟು ತಗ್ಗಿನಲ್ಲಿ ಅದರ ಬೆಳಕು ನೆತ್ತಿಯ ಮೇಲಿನ ನಕ್ಷತ್ರದ ಬೆಳಕಿಗಿಂತ ಆರೇಳು ಪಟ್ಟು ಹೆಚ್ಚು ಗಾಳಿಯನ್ನು, ಅದರೊಂದಿಗೆ ಬೇಸಿಗೆಯ ದೂಳನ್ನು ದಾಟಿ ಬರಬೇಕು. ಸಾಲದ್ದಕ್ಕೆ 3.9 ಎಂಬುದು ಇಡೀ ಗುಚ್ಛದ ಒಟ್ಟು ಬೆಳಕಿನ ಲೆಕ್ಕ. ಆ ಬೆಳಕು ಒಂದು ಚುಕ್ಕೆಯಲ್ಲಿ ಸೇರಿಲ್ಲ, ಹುಣ್ಣಿಮೆಯ ಚಂದ್ರನಿಗಿಂತ ತುಸು ದೊಡ್ಡದಾದ ವೃತ್ತದಲ್ಲಿ ಹರಡಿಕೊಂಡಿದೆ. ಆದ್ದರಿಂದ ಅದೇ ಕಾಂತಿಮಾನದ ನಕ್ಷತ್ರ ಕಂಡರೂ ಇದು ಕಾಣದಿರುವುದು ಸಹಜ.

ಈಗ ಲೆಕ್ಕಕ್ಕೆ ಬರೋಣ. ಈ ಗುಚ್ಛ ಖಗೋಳದ ಸಮಭಾಜಕದಿಂದ 47.5 ಡಿಗ್ರಿ ದಕ್ಷಿಣಕ್ಕಿದೆ, ನಿಮ್ಮ ಊರು ಸುಮಾರು 15.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. 90ರಿಂದ ಇವೆರಡನ್ನೂ ಕಳೆದರೆ 27 ಉಳಿಯುತ್ತದೆ. ಅಂದರೆ ಅದು ನೇರ ದಕ್ಷಿಣಕ್ಕೆ ಬಂದಾಗ ನಿಮಗೆ 27 ಡಿಗ್ರಿ ಎತ್ತರದಲ್ಲಿರುತ್ತದೆ. ಅದಕ್ಕಿಂತ ಮೇಲೆ ಎಂದೂ ಬರುವುದಿಲ್ಲ. ಕಡಿಮೆ ಎನ್ನಿಸಿದರೂ ಇದು ನಮ್ಮ ಭಾಗ್ಯ: ದೆಹಲಿಯವರಿಗೆ ಸಿಗುವುದು 14 ಡಿಗ್ರಿ ಮಾತ್ರ. ಮೆಸ್ಸಿಯೆ ತನ್ನ ಪಟ್ಟಿಯನ್ನು ಮಾಡಿದ್ದು ಪ್ಯಾರಿಸ್ಸಿನಿಂದ, ಅಲ್ಲಿ ಈ ಗುಚ್ಛ ಹುಟ್ಟುವುದೇ ಇಲ್ಲ. ನಿಮ್ಮ ಪುಸ್ತಕದಲ್ಲಿ ಇದರ ಹೆಸರಿಲ್ಲದಿರುವುದಕ್ಕೆ ಕಾರಣ ಅದೇ. ಆ್ಯಪಿನಲ್ಲಿ ಹುಡುಕುವಾಗ ಎನ್‌ಜಿಸಿ 5139 ಎಂದು ಹಾಕಿದರೆ ಸಿಗುತ್ತದೆ.

ನೇರ ದಕ್ಷಿಣಕ್ಕೆ ಬರುವ ಹೊತ್ತನ್ನು ಒಮ್ಮೆ ತಿಳಿದುಕೊಂಡರೆ ಸಾಕು, ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ. ಏಪ್ರಿಲ್ ಮಧ್ಯದಲ್ಲಿ ಅದು ನಮ್ಮ ಕಡೆ ರಾತ್ರಿ 12 ಗಂಟೆ 25 ನಿಮಿಷದ ಆಸುಪಾಸಿನಲ್ಲಿ ನೇರ ದಕ್ಷಿಣದಲ್ಲಿರುತ್ತದೆ. ಸರಿಯಾಗಿ ನಡುರಾತ್ರಿಗೇ ಏಕಲ್ಲ ಎಂದರೆ, ನಮ್ಮ ಗಡಿಯಾರಗಳು 82.5 ಡಿಗ್ರಿ ರೇಖಾಂಶದ ಸಮಯವನ್ನು ತೋರಿಸುತ್ತವೆ, ನಾವಿರುವುದು 76.5ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಆಕಾಶದಲ್ಲಿ ಎಲ್ಲವೂ ನಮಗೆ 24 ನಿಮಿಷ ತಡವಾಗಿ ಬರುತ್ತದೆ. ಅಲ್ಲಿಂದ ಮುಂದೆ ದಿನಕ್ಕೆ ನಾಲ್ಕು ನಿಮಿಷ, ಹದಿನೈದು ದಿನಕ್ಕೆ ಒಂದು ಗಂಟೆ ಬೇಗ ಬರುತ್ತ ಹೋಗುತ್ತದೆ. ಹೀಗಾಗಿ ಮೇ ಮಧ್ಯದಲ್ಲಿ ಹತ್ತೂವರೆಗೆ ಸ್ವಲ್ಪ ಮೊದಲು, ಜೂನ್ ಮೊದಲ ವಾರದಲ್ಲಿ ಒಂಬತ್ತರ ಸುಮಾರಿಗೆ ಅದು ನೇರ ದಕ್ಷಿಣದಲ್ಲಿರುತ್ತದೆ. ಅದಕ್ಕೆ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೂ ಅದರ ಎತ್ತರ 21 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ, ಆದ್ದರಿಂದ ನೋಡಲು ಸಾಕಷ್ಟು ಬಿಡುವಿದೆ.

ಚಂದ್ರನ ಬೆಳಕನ್ನು ತಪ್ಪಿಸಬೇಕಲ್ಲವೇ? ಅದಕ್ಕೆ ನಮ್ಮ ಕಡೆಯ ಕ್ಯಾಲೆಂಡರೇ ಸಾಕು. ಈ ಗುಚ್ಛಕ್ಕೆ ಮೂರು ಅಮಾವಾಸ್ಯೆಗಳು ಒದಗಿ ಬರುತ್ತವೆ. ಯುಗಾದಿ ಅಮಾವಾಸ್ಯೆಯ ಹೊತ್ತಿಗೆ ಅದು ನೇರ ದಕ್ಷಿಣಕ್ಕೆ ಬರುವುದು ಬೆಳಗಿನ ಜಾವದ ಒಂದು, ಎರಡು ಗಂಟೆಗೆ; ಮಕ್ಕಳಿಗೆ ಅದು ಆಗದ ಮಾತು. ಅಕ್ಷಯ ತೃತೀಯದ ಅಮಾವಾಸ್ಯೆಗೆ ಹತ್ತೂವರೆಯಿಂದ ಹನ್ನೆರಡೂಕಾಲರ ನಡುವೆ, ಬಾದಾಮಿ ಅಮಾವಾಸ್ಯೆಗೆ ಎಂಟೂವರೆಯಿಂದ ಹತ್ತೂಕಾಲರ ನಡುವೆ ಬರುತ್ತದೆ. ಆ ವರ್ಷ ಅಮಾವಾಸ್ಯೆ ಎಷ್ಟು ಮೊದಲು ಬಿದ್ದಿದೆ ಎಂಬುದರ ಮೇಲೆ ಗಂಟೆ ಹಿಂದೆ ಮುಂದೆ ಆಗುತ್ತದೆ. ಮಕ್ಕಳ ಜೊತೆ ನೋಡುವುದಾದರೆ ಬಾದಾಮಿ ಅಮಾವಾಸ್ಯೆಯ ಹಿಂದಿನ ವಾರವೇ ನನ್ನ ಆಯ್ಕೆ. ಕೃಷ್ಣಪಕ್ಷದ ಆ ರಾತ್ರಿಗಳಲ್ಲಿ ಚಂದ್ರ ಹುಟ್ಟುವುದು ತಡವಾಗಿ, ಸಂಜೆಗತ್ತಲು ಪೂರ್ತಿ ಕವಿಯುವುದು ಎಂಟೂಕಾಲಕ್ಕೆ. ರೋಹಿಣಿ ಮಳೆ ಹೂಡುವ ಮೊದಲು ಇದನ್ನು ಮುಗಿಸಿಕೊಳ್ಳಬೇಕು. ಮುಂಗಾರು ಮೋಡ ಕವಿದ ಮೇಲೆ ದಕ್ಷಿಣ ದಿಗಂತ ತೆರೆದುಕೊಳ್ಳುವುದು ಅಪರೂಪ. ಚಿತ್ತಿ ಮಳೆಯ ಕಾಲಕ್ಕೆ, ಅಂದರೆ ಅಕ್ಟೋಬರಿನಲ್ಲಿ, ಸೂರ್ಯ ಚಿತ್ತಾ ನಕ್ಷತ್ರದ ಬಳಿಯೇ ಇರುವುದರಿಂದ ಈ ಗುಚ್ಛವೂ ಹಗಲಿನ ಆಕಾಶದಲ್ಲಿ ಸಾಗುತ್ತದೆ, ಕಾಣುವುದಿಲ್ಲ.

ಇನ್ನು ಆ್ಯಪ್ ಇಲ್ಲದೆ ಗುರುತು ಹಿಡಿಯುವ ದಾರಿ. ಸಪ್ತರ್ಷಿ ಮಂಡಲದ ಬಾಲದಲ್ಲಿರುವ ವಸಿಷ್ಠ-ಅರುಂಧತಿ ಜೋಡಿ, ಕನ್ಯಾ ರಾಶಿಯ ಚಿತ್ತಾ ಮತ್ತು ಒಮೆಗಾ ಸೆಂಟೌರಿ, ಈ ಮೂರೂ ಆಕಾಶದಲ್ಲಿ ಉತ್ತರ-ದಕ್ಷಿಣವಾಗಿ ಎಳೆದ ಒಂದೇ ಗೆರೆಯ ಮೇಲಿವೆ ಎನ್ನಬಹುದು. ಅವುಗಳ ವಿಷುವಾಂಶ (ಆಕಾಶದಲ್ಲಿ ಪೂರ್ವ-ಪಶ್ಚಿಮ ಸ್ಥಾನದ ಅಳತೆ) ಕ್ರಮವಾಗಿ 13 ಗಂಟೆ 24, 25 ಮತ್ತು 27 ನಿಮಿಷ. ಆದ್ದರಿಂದ ಅರುಂಧತಿ ನೇರ ಉತ್ತರಕ್ಕೆ, ಧ್ರುವ ನಕ್ಷತ್ರದ ತಲೆಯ ಮೇಲೆ ಬಂದಾಗ, ಚಿತ್ತಾ ನೇರ ದಕ್ಷಿಣದಲ್ಲಿ ಸುಮಾರು 63 ಡಿಗ್ರಿ ಎತ್ತರದಲ್ಲಿರುತ್ತದೆ. ಅದರ ಕೆಳಗೆ 36 ಡಿಗ್ರಿ ಇಳಿದರೆ ನಿಮ್ಮ ಗುಚ್ಛ. ಮದುವೆಯಲ್ಲಿ ಅರುಂಧತಿಯನ್ನು ತೋರಿಸುವ ಶಾಸ್ತ್ರವನ್ನು ಮಕ್ಕಳು ನೋಡಿರುತ್ತಾರೆ, ಇಲ್ಲಿ ಅದೇ ನಕ್ಷತ್ರ ಗಡಿಯಾರದ ಕೆಲಸ ಮಾಡುತ್ತದೆ. ಚಿತ್ತಾ ಯಾವುದೆಂದು ಸಂಶಯ ಬಂದರೆ ಸಪ್ತರ್ಷಿಯ ಬಾಲದ ಬಾಗನ್ನೇ ಮುಂದುವರಿಸಿ. ಮೊದಲು ಕೇಸರಿ ಬಣ್ಣದ ಸ್ವಾತಿ, ಆಮೇಲೆ ಬಿಳಿಯ ಚಿತ್ತಾ ಸಿಗುತ್ತವೆ.

ಧ್ರುವಕ್ಕೆ ಬೆನ್ನು ಮಾಡಿ ನಿಂತು, ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಸಮತಟ್ಟಾದ ದಿಗಂತದಿಂದ ಮೂರು ಮುಷ್ಟಿಗೆ ತುಸು ಕಡಿಮೆ ಎತ್ತರದಲ್ಲಿ ಹುಡುಕಿ. ಆಗ ಬಲಗಡೆ ಕೆಳಗೆ ತ್ರಿಶಂಕು ಎಂಬ ಶಿಲುಬೆಯಾಕಾರದ ನಕ್ಷತ್ರಪುಂಜ, ಎಡಗಡೆ ಕೆಳಗೆ ಆಲ್ಫಾ ಮತ್ತು ಬೀಟಾ ಸೆಂಟೌರಿ ಎಂಬ ಎರಡು ಪ್ರಖರ ನಕ್ಷತ್ರಗಳು ಇರುತ್ತವೆ. ಬೈನಾಕ್ಯುಲರಿನಲ್ಲಿ ಮೊದಲು ಝೀಟಾ ಸೆಂಟೌರಿ ಎಂಬ 2.5 ಕಾಂತಿಮಾನದ ನಕ್ಷತ್ರವನ್ನು ಹಿಡಿಯಿರಿ. ಗುಚ್ಛ ಅದರ ಬಲಕ್ಕೆ, ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ, ಐದು ಡಿಗ್ರಿ ದೂರದಲ್ಲಿದೆ. 10×50 ಬೈನಾಕ್ಯುಲರಿನ ನೋಟದ ಅಗಲ ಸಾಮಾನ್ಯವಾಗಿ ಆರೂವರೆ ಡಿಗ್ರಿ ಇರುವುದರಿಂದ ನಕ್ಷತ್ರವನ್ನು ಎಡದಂಚಿಗೆ ಸರಿಸಿದರೆ ಗುಚ್ಛವೂ ಅದೇ ನೋಟದೊಳಗೆ ಬಂದು ನಿಲ್ಲುತ್ತದೆ. ಸುತ್ತಲಿನ ನಕ್ಷತ್ರಗಳೆಲ್ಲ ಸೂಜಿಮೊನೆಯಂತೆ ಚೂಪಾಗಿರುವಾಗ ಇದೊಂದು ಮಾತ್ರ ಎಷ್ಟು ಫೋಕಸ್ ಮಾಡಿದರೂ ಚೂಪಾಗದೆ, ನಡುವೆ ಬೆಳ್ಳಗೆ, ಅಂಚಿನಲ್ಲಿ ಕರಗಿದಂತೆ ದುಂಡಗೆ ಕಾಣುತ್ತದೆ. ಸಿಕ್ಕಿತು ಎನ್ನುವುದಕ್ಕೆ ಅದೇ ಗುರುತು.

ಉತ್ತರ
ಬರೆದವರು: ಬಳ್ಳಾರಿ_ದಕ್ಷಿಣ

ಕುಕನೂರಿನ ಗೆಳೆಯರು ಹೊತ್ತಿನ ವಿಷಯವನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ಜಾಗದ ಬಗ್ಗೆ ಬರೆಯುತ್ತೇನೆ, ಏಕೆಂದರೆ ದಕ್ಷಿಣದ ತಗ್ಗಿನಲ್ಲಿರುವ ಕಾಯಕ್ಕೆ ಎಷ್ಟು ಕತ್ತಲೆ ಇದೆ ಎನ್ನುವುದಕ್ಕಿಂತ ಯಾವ ಕಡೆಗೆ ಕತ್ತಲೆ ಇದೆ ಎನ್ನುವುದೇ ಮುಖ್ಯ.

ನಕಾಶೆಯನ್ನು ತೆರೆದು ಕಾರಟಗಿಯಿಂದ ನೇರ ದಕ್ಷಿಣಕ್ಕೆ ಒಂದು ಗೆರೆ ಎಳೆದು ನೋಡಿ. ಕಂಪ್ಲಿಯ ಬದಿಯಿಂದ ಹಾದು ಅದು ನಲವತ್ತು ಕಿಲೋಮೀಟರಿಗೂ ಆಚೆ ತೋರಣಗಲ್ಲಿಗೆ ಮುಟ್ಟುತ್ತದೆ. ಅಲ್ಲಿನ ಉಕ್ಕಿನ ಕಾರ್ಖಾನೆಯ ಬೆಳಕು ರಾತ್ರಿಯಿಡೀ ಆಕಾಶಕ್ಕೆ ಹರಡಿರುತ್ತದೆ. ಎಡಕ್ಕೆ ಬಳ್ಳಾರಿ ನಗರ, ಬಲಕ್ಕೆ ಹೊಸಪೇಟೆ. ಇಷ್ಟರ ಮೇಲೆ ಊರಿನೊಳಗಿನ ಅಕ್ಕಿ ಗಿರಣಿಗಳ ದೀಪಗಳು. ಅಂದರೆ ನಿಮ್ಮ ಗುಚ್ಛ ಬಂದು ನಿಲ್ಲುವ ದಿಕ್ಕೇ ನಿಮ್ಮ ಆಕಾಶದಲ್ಲಿ ಹೆಚ್ಚು ಬೆಳಗಿರುವ ದಿಕ್ಕು. ಗಂಗಾವತಿ, ಆನೆಗೊಂದಿ ಕಡೆಗೆ ಹೋದರೂ ಇದು ಬದಲಾಗುವುದಿಲ್ಲ, ಆ ಬೆಳಕಿಗೆ ಇನ್ನಷ್ಟು ಹತ್ತಿರ ಹೋದಂತಾಗುತ್ತದೆ. ಕುಷ್ಟಗಿಯಿಂದ ನೋಡಿದರೆ ಕೊಪ್ಪಳ ಮತ್ತು ಗಿಣಿಗೇರಾದ ಕಾರ್ಖಾನೆಗಳು ದಕ್ಷಿಣಕ್ಕೆ ಬೀಳುತ್ತವೆ. ಊರು ಚಿಕ್ಕದು, ಸುತ್ತ ಹೊಲ ಇದೆ ಎಂಬುದನ್ನು ಮಾತ್ರ ನೋಡಿ ಜಾಗ ಆರಿಸಿದರೆ ಹೀಗೆ ಎಡವಟ್ಟಾಗುತ್ತದೆ.

ನನ್ನ ಸಲಹೆ ಇಷ್ಟು: ದೊಡ್ಡ ಬೆಳಕು ನಿಮ್ಮ ಬೆನ್ನಿಗೆ ಬೀಳುವಂಥ ಜಾಗ ಹುಡುಕಿ. ಕೊಪ್ಪಳ ಜಿಲ್ಲೆಯೊಳಗೆ ಯಲಬುರ್ಗಾ, ಕುಕನೂರು, ಇಟಗಿ ಸುತ್ತಲಿನ ಎರೆ ಹೊಲಗಳು ಒಳ್ಳೆಯವು. ಅಲ್ಲಿಂದ ಕೊಪ್ಪಳ ಆಗ್ನೇಯಕ್ಕೆ, ಗದಗ ಪಶ್ಚಿಮಕ್ಕೆ ಸರಿಯುತ್ತವೆ, ನೇರ ದಕ್ಷಿಣದಲ್ಲಿ ಬಹುದೂರ ದೊಡ್ಡ ಊರಿಲ್ಲ. ಬೇಸಿಗೆಯಲ್ಲಿ ಬೆಳೆ ಕಟಾವಾಗಿ ಹೊಲ ಬಯಲಾಗಿರುವುದರಿಂದ ದಿಗಂತವೂ ತೆರೆದಿರುತ್ತದೆ. ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುತ್ತಿದ್ದರೆ ಅವು ಕಣ್ಣಿಗೆ ಬೀಳದಂತೆ ಹತ್ತಿಪ್ಪತ್ತು ಹೆಜ್ಜೆ ಸರಿದು ಒಂದು ಮರವನ್ನೋ ಬಣವೆಯನ್ನೋ ಮರೆ ಮಾಡಿಕೊಳ್ಳಬಹುದು. ಎರಡನೆಯದು, ಕೊಪ್ಪಳ ತಾಲ್ಲೂಕಿನಲ್ಲಿ ತುಂಗಭದ್ರಾ ಹಿನ್ನೀರಿನ ಉತ್ತರ ದಡ. ಮುನಿರಾಬಾದ್ ಮತ್ತು ಹುಲಿಗಿಯ ದೀಪಗಳಿಂದ ಸಾಕಷ್ಟು ಪಶ್ಚಿಮಕ್ಕೆ ಹೋದರೆ ಮುಂದಿರುವುದು ನೀರು, ನೀರು ಸರಿದಿದ್ದರೆ ಬಯಲು, ಅಲ್ಲಿ ದೀಪಗಳಿರುವುದಿಲ್ಲ. ಹೊಸಪೇಟೆಯ ಬೆಳಕು ಎಡಗಡೆ ಉಳಿಯುತ್ತದೆ.

ಬಳ್ಳಾರಿಯ ಕಡೆಯವರಿಗೆ ಸಂಡೂರು ತಾಲ್ಲೂಕಿನ ದಕ್ಷಿಣದಂಚಿನ ಚೋರನೂರು ಭಾಗ ಒಳ್ಳೆಯದು, ಏಕೆಂದರೆ ಅಲ್ಲಿ ತೋರಣಗಲ್ಲಿನ ಬೆಳಕು ಉತ್ತರಕ್ಕೆ ಹೋಗಿಬಿಡುತ್ತದೆ. ದರೋಜಿಯ ಕರಡಿಧಾಮದ ಅಂಚಿಗಾಗಲಿ, ಸಂಡೂರಿನ ಕಾಡಿನೊಳಗಾಗಲಿ ರಾತ್ರಿ ಹೋಗುವ ಯೋಚನೆಯನ್ನು ಮಕ್ಕಳನ್ನು ಕಟ್ಟಿಕೊಂಡು ಖಂಡಿತ ಮಾಡಬೇಡಿ. ಕರಡಿ, ಚಿರತೆಗಳು ಓಡಾಡುವ ನೆಲ ಅದು.

ಜಾಗ ತಕ್ಕದ್ದೇ ಎಂದು ಅಲ್ಲೇ ಪರೀಕ್ಷಿಸಲು ಒಂದು ಉಪಾಯವಿದೆ. ತ್ರಿಶಂಕುವಿನಲ್ಲಿ ನಾಲ್ಕು ಮುಖ್ಯ ನಕ್ಷತ್ರಗಳಲ್ಲದೆ 3.6 ಕಾಂತಿಮಾನದ ಐದನೆಯದೊಂದಿದೆ. ಗುಚ್ಛಕ್ಕಿಂತ ಒಂದು ಗಂಟೆ ಮೊದಲು ತ್ರಿಶಂಕು ನೇರ ದಕ್ಷಿಣಕ್ಕೆ ಬಂದಾಗ ಆ ಐದನೆಯದು ಬರಿಗಣ್ಣಿಗೆ ಕಂಡರೆ, ಅದಕ್ಕಿಂತ ಮೇಲಿರುವ ಒಮೆಗಾ ಸೆಂಟೌರಿಯೂ ಬರಿಗಣ್ಣಿಗೆ ಸಿಗುವ ಸಂಭವ ಚೆನ್ನಾಗಿದೆ ಎಂದು ತಿಳಿಯಿರಿ.

ಮರುಪ್ರಶ್ನೆ
ಬರೆದವರು: ಕಾರಟಗಿ_ವಿಜ್ಞಾನ

ಇಬ್ಬರಿಗೂ ತುಂಬ ಧನ್ಯವಾದಗಳು. ಅರುಂಧತಿಯ ಗೆರೆಯನ್ನು ಮಕ್ಕಳಿಗೆ ಈಗಲೇ ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಹುದೆಂದು ಬಹಳ ಸಂತೋಷವಾಯಿತು. ಯಲಬುರ್ಗಾ ಕಡೆ ಹೋಗಬೇಕಾದರೆ ವಾಹನ, ಪೋಷಕರ ಒಪ್ಪಿಗೆ ಎಲ್ಲವೂ ಬೇಕು. ಅದಾಗದಿದ್ದರೆ ಕಾರಟಗಿಯ ಹೊರವಲಯದ ಗದ್ದೆಗಳ ನಡುವೆ ನಿಂತು ಬೈನಾಕ್ಯುಲರಿನಲ್ಲಿ ನೋಡಲು ಸಾಧ್ಯವೇ ಇಲ್ಲವೇ? ಪರಿಚಯದವರೊಬ್ಬರು ಆರು ಇಂಚಿನ ಟೆಲಿಸ್ಕೋಪ್ ಕೊಡಲು ಒಪ್ಪಿದ್ದಾರೆ. ಅದರಲ್ಲಿ ಏನು ಕಾಣಬಹುದೆಂದೂ ತಿಳಿಸಿ.

ಉತ್ತರ
ಬರೆದವರು: ಮಾನ್ವಿ_ರಾತ್ರಿ

ಮೇಡಂ, ಕಾರಟಗಿಯಿಂದಲೇ ಸಾಧ್ಯ ಎಂದು ನಾನು ಹೇಳುತ್ತೇನೆ. ಈ ಒಂದು ವಿಷಯದಲ್ಲಿ ಬಳ್ಳಾರಿಯ ಮಿತ್ರರಿಗಿಂತ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಬರಿಗಣ್ಣಿಗೆ ಕಾಣಬೇಕೆಂದರೆ ಅವರ ಮಾತು ಪೂರ್ತಿ ಸರಿ. ಆದರೆ ಬೈನಾಕ್ಯುಲರಿಗೆ ಈ ಗುಚ್ಛ ಸಾಕಷ್ಟು ಪ್ರಖರವಾದದ್ದು, ಊರಾಚೆಯ ಮಧ್ಯಮ ಕತ್ತಲೆಯಲ್ಲೂ ಸಿಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆಯ ಹೊತ್ತು ಇದಕ್ಕೆ ದೊಡ್ಡ ಅಡ್ಡಿ ದೀಪಗಳಿಗಿಂತ ದೂಳು ಎಂಬುದು ನಾನು ಕಂಡುಕೊಂಡದ್ದು. ಏಪ್ರಿಲ್, ಮೇ ತಿಂಗಳಲ್ಲಿ ಎಡದಂಡೆ ಕಾಲುವೆಯ ಕೆಳಗೆ ಎರಡನೇ ಬೆಳೆಯ ಭತ್ತದ ಕಟಾವು ನಡೆಯುತ್ತದೆ, ಯಂತ್ರಗಳು ಎಬ್ಬಿಸುವ ಹೊಟ್ಟು, ಹುಲ್ಲು ಸುಟ್ಟ ಹೊಗೆ ಎಲ್ಲವೂ ಸಂಜೆಯ ಹೊತ್ತಿಗೆ ದಿಗಂತದ ಮೇಲೆ ಕಂದು ಪಟ್ಟಿಯಾಗಿ ನಿಂತಿರುತ್ತದೆ. ಊರಿನ ಬೆಳಕು ಅಷ್ಟೊಂದು ಮೇಲಕ್ಕೆ ಹರಡುವುದೂ ಈ ದೂಳಿನ ಕಣಗಳಿಗೆ ತಾಗಿಯೇ.

ಆದ್ದರಿಂದ ದಿನವನ್ನು ಮೊದಲೇ ಗೊತ್ತುಮಾಡಿ ಕುಳಿತುಕೊಳ್ಳಬೇಡಿ. ಭರಣಿ ಅಥವಾ ಕೃತ್ತಿಕಾ ಮಳೆ ಒಂದು ಸಂಜೆ ಗುಡುಗಿ ಸುರಿದು ಹೋದರೆ ಮರುದಿನ ಗಾಳಿ ತೊಳೆದಿಟ್ಟಂತೆ ಇರುತ್ತದೆ. ಚಂದ್ರನಿಲ್ಲದಿದ್ದರೆ ಆ ರಾತ್ರಿಯೇ ಹೊರಡಿ. ಹಗಲಿನಲ್ಲೇ ಪರೀಕ್ಷೆ ಮಾಡಬಹುದು: ಅಂಗೈಯಿಂದ ಸೂರ್ಯನನ್ನು ಮರೆಮಾಡಿದಾಗ ಅದರ ಸುತ್ತ ಬೆಳ್ಳನೆಯ ಮಬ್ಬು ಇದ್ದರೆ ಆ ರಾತ್ರಿ ಸುಮಾರು, ಬೆರಳಂಚಿನವರೆಗೂ ನೀಲಿ ಇದ್ದರೆ ಒಳ್ಳೆಯದು. ಸೂರ್ಯನನ್ನು ನೇರ ನೋಡಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ನಮ್ಮ ರಾಯಚೂರು ಕಡೆಗೂ ಇದೇ ನಿಯಮ. ನಗರಕ್ಕೂ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೂ ದಕ್ಷಿಣಕ್ಕೆ, ಮಾನ್ವಿಯಿಂದ ತುಂಗಭದ್ರೆಯ ಕಡೆಗೆ ಬಂದರೆ ಆ ಬೆಳಕು ಹಿಂದೆ ಉಳಿಯುತ್ತದೆ. ಆದರೂ ದೂಳಿನ ದಿನ ಅಲ್ಲಿಂದಲೂ ಮಸುಕಾಗಿಯೇ ಕಾಣುತ್ತದೆ.

ಇನ್ನು ಟೆಲಿಸ್ಕೋಪ್. ಆರು ಇಂಚಿನದರಲ್ಲಿ ಮೊದಲು ಕಡಿಮೆ ಶಕ್ತಿಯ ಐಪೀಸ್ ಹಾಕಿ ಗುಚ್ಛವನ್ನು ನಡುವಿಗೆ ತಂದುಕೊಳ್ಳಿ, ನಂತರ ನೂರು ಪಟ್ಟಿನ ಆಸುಪಾಸಿಗೆ ಏರಿಸಿ. ಮೊದಲ ಕ್ಷಣಕ್ಕೆ ದೊಡ್ಡ ಬೂದು ಹೊಳಪು ಮಾತ್ರ ಕಾಣಬಹುದು. ನಿಧಾನಿಸಿ, ನೋಟವನ್ನು ಸ್ವಲ್ಪ ಓರೆಯಾಗಿಸಿ, ಅಂದರೆ ಗುಚ್ಛದ ಪಕ್ಕದ ಖಾಲಿ ಜಾಗವನ್ನು ನೋಡುತ್ತಲೇ ಗುಚ್ಛದ ಕಡೆ ಗಮನವಿಟ್ಟರೆ, ಅಂಚಿನಿಂದ ಆರಂಭವಾಗಿ ಚುಕ್ಕೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ಹೋಗುತ್ತವೆ, ಮತ್ತೆ ಬರುತ್ತವೆ. ನಡುಭಾಗದಲ್ಲೂ ಉಪ್ಪು ಉದುರಿಸಿದಂಥ ಕಣಕಣವಾದ ನೋಟ ಸಿಗುತ್ತದೆ. ಮಕ್ಕಳಿಗೆ ಐಪೀಸ್ ಮುಂದೆ ಒಬ್ಬೊಬ್ಬರಿಗೂ ಎರಡು ಮೂರು ನಿಮಿಷ ಕೊಡಿ. ಅರ್ಧ ನಿಮಿಷ ಬಗ್ಗಿ ನೋಡಿ ಎದ್ದವರಿಗೆ ಬೂದು ಹೊಳಪಷ್ಟೇ ದಕ್ಕುತ್ತದೆ. ಫೋಟೋಗಳಲ್ಲಿ ಕಾಣುವ ಬಣ್ಣ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನೂ ಮೊದಲೇ ತಿಳಿಸಿದರೆ ನಿರಾಸೆಯಾಗುವುದಿಲ್ಲ.

ಸರದಿ ಕಾಯುವ ಮಕ್ಕಳಿಗೆ ಹೇಳಲು ಇದರ ಕಥೆ ಚೆನ್ನಾಗಿದೆ. ಟಾಲೆಮಿ ಇದನ್ನು ನಕ್ಷತ್ರವೆಂದೇ ಪಟ್ಟಿ ಮಾಡಿದ್ದ; 1603ರಲ್ಲಿ ಬೇಯರ್ ಕೂಡ ನಕ್ಷತ್ರಗಳಿಗೆ ಕೊಡುವಂತೆ ಒಮೆಗಾ ಎಂಬ ಅಕ್ಷರ ಕೊಟ್ಟ, ಆ ಹೆಸರೇ ಉಳಿಯಿತು. ಧೂಮಕೇತುವಿನಿಂದ ನಮಗೆಲ್ಲ ಪರಿಚಿತನಾದ ಎಡ್ಮಂಡ್ ಹ್ಯಾಲಿ 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿ ಇದು ಒಂಟಿ ನಕ್ಷತ್ರವಲ್ಲವೆಂದು ಗುರುತಿಸಿದ. ನಮಗೆ ಈಗ ತಲುಪುವ ಬೆಳಕು ಅಲ್ಲಿಂದ ಹೊರಟು ಸುಮಾರು 17 ಸಾವಿರ ವರ್ಷಗಳಾಗಿವೆ. ನಮ್ಮ ಆಕಾಶಗಂಗೆ ಹಿಂದೆಂದೋ ನುಂಗಿದ ಸಣ್ಣ ಗೆಲಾಕ್ಸಿಯೊಂದರ ಉಳಿದ ತಿರುಳು ಇದಿರಬಹುದೆಂದು ಬಹಳ ಮಂದಿ ಖಗೋಳ ವಿಜ್ಞಾನಿಗಳು ಭಾವಿಸುತ್ತಾರೆ. ಇದರ ನಡುವೆ ಕನಿಷ್ಠ 8,200 ಸೂರ್ಯರಷ್ಟು ದ್ರವ್ಯರಾಶಿಯ ಕಪ್ಪುಕುಳಿ ಇರಬೇಕೆಂದು 2024ರಲ್ಲಿ ಹಬಲ್ ದೂರದರ್ಶಕದ ಚಿತ್ರಗಳ ಆಧಾರದ ಮೇಲೆ ವಿಜ್ಞಾನಿಗಳ ತಂಡವೊಂದು ಪ್ರಕಟಿಸಿತು. ಆ ವಿಷಯದ ಚರ್ಚೆ ಇನ್ನೂ ನಡೆದಿದೆ.

ಉತ್ತರ
ಬರೆದವರು: ಕುಕನೂರು_ಆಕಾಶ

ಮಾನ್ವಿಯವರ ಮಾತಿಗೆ ನನ್ನ ಒಪ್ಪಿಗೆಯೂ ಇದೆ: ಮೊದಲ ಸಲ ಕಾರಟಗಿಯ ಹೊರವಲಯದಿಂದಲೇ ನೋಡಿ, ಯಲಬುರ್ಗಾ ಕಡೆಯ ಪ್ರಯಾಣವನ್ನು ಟೆಲಿಸ್ಕೋಪ್ ಕೈಗೆ ಬಂದ ಮೇಲೆ ಇಟ್ಟುಕೊಳ್ಳಿ. ಆ ದಿನ ಗುಚ್ಛದಿಂದ ನೇರ ಮೇಲಕ್ಕೆ ನಾಲ್ಕೂವರೆ ಡಿಗ್ರಿ ಏರಿದರೆ ಸೆಂಟಾರಸ್ ಎ ಎಂಬ ಗೆಲಾಕ್ಸಿಯೂ ಸಿಗುತ್ತದೆ. ಅದು ಒಂದು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿದೆ; ಕಾಂತಿಮಾನ 6.8 ಆದ್ದರಿಂದ ಕಾರಟಗಿಯಲ್ಲಿ ಅದನ್ನು ಹುಡುಕಿ ದಣಿಯಬೇಡಿ, ನಿಜವಾದ ಕತ್ತಲೆಯಲ್ಲಿ ಮಾತ್ರ ಅದಕ್ಕೆ ಅರ್ಥ.

ಎಲ್ಲಿಗೇ ಹೋದರೂ ಹೊಲದ ಯಜಮಾನರಿಗೆ ಒಂದು ಮಾತು ತಿಳಿಸಿ, ಸಾಧ್ಯವಾದರೆ ಅವರನ್ನೂ ನೋಡಲು ಕರೆಯಿರಿ. ರಾತ್ರಿ ಹೊಲದಲ್ಲಿ ಬ್ಯಾಟರಿ ಬೆಳಕು ಆಡುವುದನ್ನು ಕಂಡರೆ ಊರಿನವರು ಗಾಬರಿಯಾಗುವುದು ಸಹಜ. ಎಲ್ಲ ಮಕ್ಕಳಿಗೂ ಚಪ್ಪಲಿ ಬೇಡ, ಶೂ ಹಾಕಿಸಿ. ಬೇಸಿಗೆಯ ರಾತ್ರಿ ಎರೆ ಬಿರುಕಿನಲ್ಲಿ, ಕಲ್ಲಿನ ಸಂದಿನಲ್ಲಿ ಚೇಳು, ಹಾವು ಇರುತ್ತವೆ. ಬ್ಯಾಟರಿಯ ಗಾಜಿಗೆ ಕೆಂಪು ಜಿಲೇಟಿನ್ ಹಾಳೆಯನ್ನು ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಬಿಳಿ ಬೆಳಕಿನ ಒಂದು ಮಿಂಚಿಗೆ ಅದು ಕೆಟ್ಟು ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ಅದೇ ಕಾರಣಕ್ಕೆ ದೊಡ್ಡವರ ಮೊಬೈಲುಗಳನ್ನು ವಾಹನದಲ್ಲೇ ಇಡಿಸಿ, ವಾಹನದ ಬಾಗಿಲು ತೆರೆದಾಗ ಒಳಗಿನ ದೀಪ ಹತ್ತದಂತೆ ಚಾಲಕರಿಗೆ ಮೊದಲೇ ಹೇಳಿಡಿ.